ಗಣಿತದಾಗ ಇನ್ನ ಏನ್ ಉಳದೈತ್ರಿ?

“ಸರ, ಏನ್ ಮಾಡ್ತೀರಿ?”

“ಗಣಿತದಾಗ ರಿಸರ್ಚ್.”

“ಗಣಿತದಾಗ ಇನ್ನ ರಿಸರ್ಚ್ ಮಾಡಾಕ ಏನ್ ಉಳದೈತ್ರಿ? ಎರಡ ಎರಡ್ಲೆ ನಾಕು. ಅದೇನ್ ಬದಲಾಕೈತೇನ?”

ಬೆಳಗಾವಿ ಬಸ್ ಸ್ಟ್ಯಾಂಡಿನಿಂದ ಹಿಡಿದು ಬಾಗಲಕೋಟೆ ನವನಗರದ ಲಗ್ನದ ಪಂಕ್ತಿಯ ತನಕ ಈ ಮೂರು ಸಾಲು ಒಂದಕ್ಷರ ಆಚೀಚೆ ಆಗದೆ ನಡೆಯುತ್ತವೆ. ಮೊದಲ ಹತ್ತು ಸಲ ನಕ್ಕು ಉತ್ತರ ಕೊಡಬಹುದು. ಆಮೇಲೆ ಬಾಯಿ ನೋಯುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಕೇಳಿದವರಿಗೆ ಲಿಂಕ್ ಕಳಿಸುವುದು, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುವುದು.

ಏನು ಉಳಿದಿದೆ ಅಂದರೆ, ಒಂದು ಅಂಕಿ ಉಳಿದಿದೆ. ಅದು 43 ಇದ್ದೀತು, 44 ಇದ್ದೀತು, 45 ಇಲ್ಲವೇ 46 ಇದ್ದೀತು. ಈ ನಾಲ್ಕರಲ್ಲಿ ಯಾವುದು ಅಂತ ಭೂಮಿ ಮೇಲೆ ಯಾರಿಗೂ ಗೊತ್ತಿಲ್ಲ.

ಪಂಕ್ತಿಯಿಂದಲೇ ಶುರು ಮಾಡೋಣ. ಆರು ಮಂದಿ ಊಟಕ್ಕೆ ಕೂತಿದ್ದಾರೆ. ಯಾವ ಇಬ್ಬರನ್ನು ತೆಗೆದುಕೊಂಡರೂ ಒಂದೋ ಅವರಿಗೆ ಪರಸ್ಪರ ಪರಿಚಯ ಇದೆ, ಇಲ್ಲಾ ಇಲ್ಲ. (ನಮ್ಮ ಕಡೆಯ ಲಗ್ನದಲ್ಲಿ ಪರಿಚಯ ಇಲ್ಲದವರೂ ಹತ್ತು ನಿಮಿಷದಲ್ಲಿ ದೂರದ ಬೀಗರೇ ಆಗಿಬಿಡುತ್ತಾರೆ, ಆ ಮಾತು ಬೇರೆ.) ಈ ಆರು ಮಂದಿಯಲ್ಲಿ ಪರಸ್ಪರ ಪರಿಚಯ ಇರುವ ಮೂವರು, ಅಥವಾ ಪರಸ್ಪರ ಪರಿಚಯವೇ ಇಲ್ಲದ ಮೂವರು ಸಿಕ್ಕೇ ಸಿಗುತ್ತಾರೆ. ಯಾಕೆ? ಒಬ್ಬನನ್ನು ಹಿಡಿಯಿರಿ. ಉಳಿದ ಐವರಲ್ಲಿ ಕನಿಷ್ಠ ಮೂವರು ಅವನಿಗೆ ಗೊತ್ತಿರುವವರು, ಇಲ್ಲಾ ಕನಿಷ್ಠ ಮೂವರು ಗೊತ್ತಿಲ್ಲದವರು. ಗೊತ್ತಿರುವವರು ಅಂತಲೇ ಇಟ್ಟುಕೊಳ್ಳಿ. ಆ ಮೂವರೊಳಗೆ ಯಾರಾದರೂ ಇಬ್ಬರಿಗೆ ಪರಿಚಯ ಇದ್ದರೆ, ಆ ಇಬ್ಬರು ಮತ್ತು ನಮ್ಮವನು ಸೇರಿ ಮೂವರಾದರು. ಯಾರಿಗೂ ಯಾರ ಪರಿಚಯವೂ ಇಲ್ಲದಿದ್ದರೆ ಆ ಮೂವರೇ ಎರಡನೇ ಬಗೆಯ ಮೂವರು. ಗೊತ್ತಿಲ್ಲದ ಮೂವರನ್ನು ಹಿಡಿದು ಹೊರಟರೂ ಇದೇ ಲೆಕ್ಕ, ತಿರುಗಾಮುರುಗಾ. ಐದೇ ಮಂದಿ ಇದ್ದರೆ ಮಾತ್ರ ತಪ್ಪಿಸಬಹುದು: ದುಂಡಗೆ ಕೂಡಿಸಿ, ಎಡಕ್ಕೂ ಬಲಕ್ಕೂ ಕೂತವರಷ್ಟೇ ಪರಿಚಯದವರು ಅಂತ ಇಟ್ಟರೆ ಯಾವ ಬಗೆಯ ಮೂವರೂ ಸಿಗುವುದಿಲ್ಲ. ಹಾಗಾಗಿ ಉತ್ತರ 6.

ಮೂವರ ಬದಲು ನಾಲ್ವರು ಬೇಕು ಅಂದರೆ 18. ಇದು 1955ರಿಂದ ಗೊತ್ತು. ಐವರು ಬೇಕು ಅಂದರೆ? ಅಲ್ಲಿಗೆ ಎಲ್ಲರ ಕೈ ಕಟ್ಟಿತು. 42 ಮಂದಿಯನ್ನು ಅಂಥ ಐವರು ಸಿಗದ ಹಾಗೆ ಕೂಡಿಸಿ ತೋರಿಸಿದ್ದು 1989ರಲ್ಲಿ, ಅಂದರೆ ಉತ್ತರ 43ಕ್ಕಿಂತ ಕಡಿಮೆ ಇಲ್ಲ. ಇಷ್ಟು ಮಂದಿ ಇದ್ದರೆ ಸಿಕ್ಕೇ ಸಿಗುತ್ತಾರೆ ಅನ್ನುವ ಮೇಲಿನ ಮಿತಿ 2017ರಲ್ಲಿ 48 ಇತ್ತು, 2024ರಲ್ಲಿ ಆಂಗೆಲ್ಟ್‌ವೈಟ್ ಮತ್ತು ಬ್ರೆಂಡನ್ ಮೆಕೇ ಅದನ್ನು 46ಕ್ಕೆ ಇಳಿಸಿದರು. ಏಳು ವರ್ಷಕ್ಕೆ ಎರಡು ಅಂಕಿ. ಗುಂಪು ದೊಡ್ಡದಾದಂತೆ ಈ ಸಂಖ್ಯೆ ಎಷ್ಟು ಬೇಗ ಬೆಳೆಯುತ್ತದೆ ಅನ್ನುವುದಕ್ಕೆ ಎರ್ಡಿಶ್ ಮತ್ತು ಸೆಕೆರೆಶ್ 1935ರಲ್ಲಿ ಒಂದು ಮಿತಿ ಕೊಟ್ಟರು: ಬೇಕಾದ ಗುಂಪಿಗೆ ಒಬ್ಬ ಹೆಚ್ಚಾದಾಗ ಹೆಚ್ಚೆಂದರೆ ಸುಮಾರು ನಾಲ್ಕು ಪಟ್ಟು. ಆ ನಾಲ್ಕನ್ನು ಒಂದು ಕೂದಲೆಳೆಯಷ್ಟು ಕೆಳಗಿಳಿಸಲು 2023 ಬರಬೇಕಾಯಿತು.

ಇಷ್ಟು ಹೇಳಿದ ಮೇಲೂ ಪಕ್ಕದವರು ಸೋಲುವುದಿಲ್ಲ. “ಎಲ್ಲಾ ನಮ್ಮ ಹಿರ್ಯಾರು ಆವಾಗನ ಹೇಳಿ ಹೋಗ್ಯಾರ್ರಿ. ಭಾಸ್ಕರಾಚಾರ್ಯ ನಮ್ಮ ವಿಜಯಪುರದವ್ರನ ಅಲ್ಲೇನು?” ಭಾಸ್ಕರ ತನ್ನ ಊರನ್ನು ವಿಜ್ಜಡವಿಡ ಅಂತ ಬರೆದುಕೊಂಡಿದ್ದಾನೆ. ಅದು ಯಾವ ಊರು ಅನ್ನುವ ಜಗಳ ಇನ್ನೂ ಹರಿದಿಲ್ಲ, ನಾನು ಹರಿಸುವುದೂ ಇಲ್ಲ. ಆದರೆ ಅವನ ಹೆಸರು ಹೇಳುವವರು ಲೀಲಾವತಿಯ ಕೊನೆಯ ಭಾಗವನ್ನು ಒಂದು ಸಲ ತೆಗೆದು ನೋಡಿದ್ದರೆ ಚೆನ್ನಾಗಿತ್ತು. ಹತ್ತು ಕೈಗಳ ಶಂಭು ಪಾಶ, ಅಂಕುಶ, ಹಾವು, ಡಮರು, ತ್ರಿಶೂಲ ಮುಂತಾದ ಹತ್ತು ವಸ್ತುಗಳನ್ನು ಕೈ ಬದಲಿಸಿ ಹಿಡಿದರೆ ಎಷ್ಟು ರೂಪ? 36,28,800. ಶಂಖ ಚಕ್ರ ಗದೆ ಪದ್ಮ ಹಿಡಿದ ಹರಿಗೆ ಎಷ್ಟು? 24. ಅದಕ್ಕೂ ಮೊದಲು, 9ನೇ ಶತಮಾನದಲ್ಲಿ, ನೃಪತುಂಗನ ಕಾಲದ ಮಹಾವೀರಾಚಾರ್ಯ ಗಣಿತಸಾರಸಂಗ್ರಹದಲ್ಲಿ ಇಷ್ಟರಲ್ಲಿ ಇಷ್ಟನ್ನು ಆರಿಸುವ ಬಗೆ ಎಷ್ಟು ಅನ್ನುವುದಕ್ಕೆ ಸೂತ್ರ ಕೊಟ್ಟ. ಕಾಂಬಿನೇಟರಿಕ್ಸ್ ಅಂದರೆ ಇದೇ, ಎಣಿಸದೆ ಎಣಿಸುವುದು. ಅವರು ಎಷ್ಟು ಬಗೆ ಅಂತ ಕೇಳಿದರು. ಇವತ್ತು ಕೇಳುತ್ತಿರುವುದು, ಯಾವ ಬಗೆಯಲ್ಲಿ ಜೋಡಿಸಿದರೂ ತಪ್ಪಿಸಲಾಗದ್ದು ಯಾವುದು ಅಂತ. ಹಿರಿಯರು ಹೇಳಿದ್ದಾರೆ ಅನ್ನುವುದು ಮುಂದೆ ಕೇಳದೆ ಇರಲಿಕ್ಕೆ ಕಾರಣ ಹೇಗಾಗುತ್ತದೋ ತಿಳಿಯದು.

ಪಂಕ್ತಿಯ ಲೆಕ್ಕ ಬರುವುದು ಗ್ರಾಫ್ ಥಿಯರಿಯಲ್ಲಿ. ಗ್ರಾಫ್ ಅಂದಾಗ ಶೇರು ಮಾರ್ಕೆಟ್ಟಿನ ಏರಿಳಿತ ಅಂದುಕೊಳ್ಳುವವರಿಗೆ ಎರಡು ಸಾಲು: ಅದಲ್ಲ. ಕೆಲವು ಚುಕ್ಕಿ, ಕೆಲವು ಚುಕ್ಕಿಗಳ ನಡುವೆ ಗೆರೆ, ಅಷ್ಟೇ. ಪಠ್ಯದಲ್ಲಿ ಶೃಂಗ ಮತ್ತು ಅಂಚು, ಕ್ಲಾಸಿನಲ್ಲಿ ವರ್ಟೆಕ್ಸ್ ಮತ್ತು ಎಡ್ಜ್, ಇಲ್ಲಿ ಚುಕ್ಕಿ ಮತ್ತು ಗೆರೆ. ಪಂಕ್ತಿಯ ಆರು ಮಂದಿ ಆರು ಚುಕ್ಕಿ, ಪರಿಚಯ ಗೆರೆ.

ಇನ್ನು ಮೂರನೇ ಬಾಣ: “ಈಗ ಕಂಪ್ಯೂಟರ್ ಅದಾವಲ್ರಿ, ಹಚ್ಚಿ ಬಿಟ್ರ ಆತು.” ಹಚ್ಚೋಣ. 43 ಮಂದಿಯಲ್ಲಿ ಜೋಡಿಗಳು 903. ಪ್ರತಿ ಜೋಡಿಗೆ ಪರಿಚಯ ಇದೆ ಅಥವಾ ಇಲ್ಲ, ಎರಡೇ ಆಯ್ಕೆ. ಒಟ್ಟು ಸಾಧ್ಯತೆಗಳನ್ನು ಬರೆದರೆ 272 ಅಂಕಿಗಳ ಸಂಖ್ಯೆ. ಯಾವ ಕಂಪ್ಯೂಟರ್ ಹಚ್ಚುತ್ತೀರಿ, ಹೇಳಿ.

ಕಂಪ್ಯೂಟರ್ ಬೇಡ ಅಂತಲ್ಲ. ಈ ಕ್ಷೇತ್ರದಲ್ಲಿ ದಿನಾ ಅದರದ್ದೇ ಕೆಲಸ. ಅದೇ ಮೆಕೇ ಬರೆದ ಒಂದು ಪ್ರೋಗ್ರಾಂ ಇದೆ, ಹೆಸರು ನಾಟಿ. (ಬೆಂಗಳೂರಿನವರಿಗೆ ಕೋಳಿ ನೆನಪಾಗುತ್ತದೆ. ನಮ್ಮಲ್ಲಿ ಅದಕ್ಕೆ ಜವಾರಿ ಅಂತೀವಿ, ಆದ್ದರಿಂದ ತೊಂದರೆ ಇಲ್ಲ.) ಇಷ್ಟು ಚುಕ್ಕಿಗಳ ಗ್ರಾಫುಗಳನ್ನೆಲ್ಲ, ಒಂದೇ ಆಕಾರ ಎರಡು ಸಲ ಬರದಂತೆ, ಅದು ಸಾಲಾಗಿ ಕೊಡುತ್ತದೆ. 4 ಚುಕ್ಕಿಗೆ 11 ಗ್ರಾಫ್. 7ಕ್ಕೆ 1,044. 10ಕ್ಕೆ 1,20,05,168. 11ಕ್ಕೆ ನೂರು ಕೋಟಿ ದಾಟುತ್ತದೆ, 12ಕ್ಕೆ ಹದಿನಾರು ಸಾವಿರ ಕೋಟಿ. ಅಂದರೆ ಹೊಸ ಊಹೆಯೊಂದು ಹೊಳೆದರೆ 10 ಚುಕ್ಕಿಯ ತನಕ ಲ್ಯಾಪ್‌ಟಾಪಿನಲ್ಲೇ ಪರೀಕ್ಷೆ ಆಗಿಬಿಡುತ್ತದೆ. ಹೆಚ್ಚಿನ ಊಹೆಗಳು 6 ಅಥವಾ 7ಕ್ಕೇ ಸಾಯುತ್ತವೆ, ಮತ್ತು ಸಾಯುವುದು ಒಳ್ಳೆಯದು. ಸಾಯದೆ ಉಳಿದದ್ದೇ ತಲೆನೋವು.

ಉದಾಹರಣೆಗೆ ಟೇಟ್ 1884ರಲ್ಲಿ ಮಾಡಿದ ಊಹೆ. ಗೆರೆ ಗೆರೆಯನ್ನು ದಾಟದಂತೆ ಕಾಗದದ ಮೇಲೆ ಬಿಡಿಸಬಹುದಾದ ಗ್ರಾಫ್ ಬೇಕು, ಪ್ರತಿ ಚುಕ್ಕಿಗೆ ಮೂರೇ ಗೆರೆ ಇರಬೇಕು, ಯಾವ ಎರಡು ಚುಕ್ಕಿ ಕಿತ್ತರೂ ಚಿತ್ರ ತುಂಡಾಗಬಾರದು. ಅಂಥದ್ದರಲ್ಲಿ ಪ್ರತಿ ಚುಕ್ಕಿಯನ್ನು ಒಂದೇ ಸಲ ಮುಟ್ಟಿ, ಹೊರಟಲ್ಲಿಗೇ ಬಂದು ಸೇರುವ ಸುತ್ತು ಇದ್ದೇ ಇರುತ್ತದೆ ಅಂದ. ಇದು ಸರಿಯಾಗಿದ್ದರೆ, ಪಕ್ಕಪಕ್ಕದ ಪ್ರದೇಶಗಳಿಗೆ ಒಂದೇ ಬಣ್ಣ ಬಾರದಂತೆ ತುಂಬಲು ನಕಾಶೆಗೆ ನಾಲ್ಕೇ ಬಣ್ಣ ಸಾಕು ಅನ್ನುವುದೂ ಇದರಿಂದಲೇ ಸಿಗುತ್ತಿತ್ತು. 62 ವರ್ಷ ನಿಂತಿತು. 1946ರಲ್ಲಿ ಟಟ್ 46 ಚುಕ್ಕಿಯ ಗ್ರಾಫ್ ಒಂದನ್ನು ಕಟ್ಟಿ ಅಂಥ ಸುತ್ತು ಅದರಲ್ಲಿಲ್ಲ ಅಂತ ತೋರಿಸಿದ. ಆಮೇಲೆ 38 ಚುಕ್ಕಿಯದೂ ಸಿಕ್ಕಿತು. 38ಕ್ಕಿಂತ ಚಿಕ್ಕದು ಒಂದೂ ಇಲ್ಲ ಅಂತ 1988ರಲ್ಲಿ ಹೋಲ್ಟನ್ ಮತ್ತು ಮೆಕೇ ಸಾಧಿಸಿದರು. ಪ್ರತಿ ಚುಕ್ಕಿಗೆ ಮೂರು ಗೆರೆ ಅಂದಮೇಲೆ ಚುಕ್ಕಿಗಳ ಸಂಖ್ಯೆ ಸಮ ಇರಲೇಬೇಕು. ಅಂದರೆ 36ರ ತನಕ ಒಂದೂ ಬಿಡದೆ ಸರಿ, 38ಕ್ಕೆ ಕೈಕೊಟ್ಟಿತು.

ಈ 36 ನೆನಪಿಟ್ಟುಕೊಂಡು ಮುಂದಿನದನ್ನು ಓದಿ. ಸುತ್ತು ಇಲ್ಲದ, ಆದರೆ ತುಂಡಾಗದೆ ಕೂಡಿಕೊಂಡ ಗ್ರಾಫಿಗೆ ಟ್ರೀ ಅನ್ನುತ್ತಾರೆ, ನಮ್ಮ ಮಾತಿನಲ್ಲಿ ಗಿಡ. ಐದು ಚುಕ್ಕಿಯ ಗಿಡ ಅಂದರೆ ನಾಲ್ಕು ಗೆರೆ. ಚುಕ್ಕಿಗಳಿಗೆ 0ಯಿಂದ 4ರ ತನಕ ಅಂಕಿ ಕೊಡಿ, ಒಂದಕ್ಕೆ ಒಂದು. ಪ್ರತಿ ಗೆರೆಯ ಮೇಲೆ ಅದರ ಎರಡು ತುದಿಗಳ ವ್ಯತ್ಯಾಸ ಬರೆಯಿರಿ. ಗೆರೆಗಳ ಮೇಲೆ 1, 2, 3, 4 ಎಲ್ಲ ಒಂದೊಂದೇ ಸಲ ಬರಬೇಕು. ಚುಕ್ಕಿಗಳು ಒಂದೇ ಸಾಲಿನಲ್ಲಿದ್ದರೆ 0, 4, 1, 3, 2 ಅಂತ ಕೊಡಿ: ವ್ಯತ್ಯಾಸ 4, 3, 2, 1. ಇದಕ್ಕೆ ಗ್ರೇಸ್‌ಫುಲ್ ಲೇಬಲಿಂಗ್ ಅಂತ ಹೆಸರು. ಯಾವ ಗಿಡ ಕೊಟ್ಟರೂ ಹೀಗೆ ಅಂಕಿ ಕೊಡಬಹುದೇ? 1967ರಲ್ಲಿ ರೋಸಾ ಬರೆದ ಪ್ರಬಂಧದಿಂದ ಇವತ್ತಿನ ತನಕ ಉತ್ತರ ಇಲ್ಲ. ಕಂಪ್ಯೂಟರಿನಲ್ಲಿ 35 ಚುಕ್ಕಿಯ ತನಕ ಎಲ್ಲ ಗಿಡಗಳನ್ನೂ ನೋಡಿಯಾಗಿದೆ, ಎಲ್ಲಕ್ಕೂ ಆಗುತ್ತದೆ. “ಮತ್ತ ಆತಲ್ರಿ!” ಅನ್ನುವವರಿಗೆ ಟೇಟನ 36 ಸಾಕು.

ಹಾಗಾದರೆ ಸಾಧಿಸುವುದು ಅಂದರೆ ಎಂಥದ್ದು? ಇದೇ ಆಟ, ಈ ಸಲ ಐದು ಚುಕ್ಕಿಯನ್ನು ಬಳೆಯ ಹಾಗೆ ಸುತ್ತಲೂ ಜೋಡಿಸಿ. ಗೆರೆಗಳು ಐದು, ಆದ್ದರಿಂದ 0ಯಿಂದ 5ರ ತನಕದ ಅಂಕಿಗಳಲ್ಲಿ ಯಾವುದಾದರೂ ಐದನ್ನು ಬಳಸಿ ವ್ಯತ್ಯಾಸ 1, 2, 3, 4, 5 ತರಬೇಕು. ಒಂದು ತಾಸು ಕೂತು ನೋಡಿ, ಬರುವುದಿಲ್ಲ. ಎಷ್ಟು ಕೂತರೂ ಬರುವುದಿಲ್ಲ. ಬಳೆಯ ಸುತ್ತ ಒಂದು ಸುತ್ತು ಬನ್ನಿ: ಅಂಕಿ ಕೆಲವು ಕಡೆ ಏರುತ್ತದೆ, ಕೆಲವು ಕಡೆ ಇಳಿಯುತ್ತದೆ, ಕೊನೆಗೆ ಹೊರಟ ಅಂಕಿಗೇ ಬರುತ್ತೀರಿ. ಗೋಳಗುಮ್ಮಟದ ಮೆಟ್ಟಿಲು ಎಷ್ಟು ಹತ್ತಿದಿರೋ ಅಷ್ಟೇ ಇಳಿದು ಚಪ್ಪಲಿ ಬಿಟ್ಟಲ್ಲಿಗೆ ಬಂದ ಹಾಗೆ. ಏರಿದ್ದರ ಮೊತ್ತವೂ ಇಳಿದದ್ದರ ಮೊತ್ತವೂ ಒಂದೇ ಅಂದಮೇಲೆ ಎರಡೂ ಕೂಡಿದರೆ ಸಮಸಂಖ್ಯೆ. ಆದರೆ 1+2+3+4+5 ಅಂದರೆ 15, ಬೆಸ. ಮುಗಿಯಿತು. ಒಂದೂ ಜೋಡಣೆಯನ್ನು ಪರೀಕ್ಷಿಸದೆ ಎಲ್ಲ ಜೋಡಣೆಗಳನ್ನೂ ತಳ್ಳಿಹಾಕಿದೆವು. ಆರು ಚುಕ್ಕಿಯ ಬಳೆಗೂ ಇದೇ ಗತಿ, ಮೊತ್ತ 21. ನಾಲ್ಕರದು ಆಗುತ್ತದೆ: 0, 4, 1, 2. ಈ ಕೆಲಸಕ್ಕೆ ಬರುವವರು ಬರುವುದು ಇಂಥ ನಾಲ್ಕು ಸಾಲಿನ ಆಸೆಗೆ. ವರ್ಷಕ್ಕೊಂದು ಸಿಕ್ಕರೆ ದೊಡ್ಡದು.

ತಪ್ಪುವುದು ಎಲ್ಲಿ ಅಂತಲೂ ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ, ಯಾಕೆಂದರೆ ಪಿಎಚ್‌ಡಿ ಹುಡುಗರು ಎಡವುವ ಜಾಗ ಇದು. ಗ್ರಾಫ್ ಥಿಯರಿಯಲ್ಲಿ ಇಂಡಕ್ಷನ್ (ಚಿಕ್ಕದಕ್ಕೆ ಸರಿ ಅಂತ ಹಿಡಿದು ಅದರಿಂದ ದೊಡ್ಡದಕ್ಕೆ ಸಾಧಿಸುವುದು) ಮಾಡುವಾಗ ಚಿಕ್ಕ ಗ್ರಾಫಿಗೆ ಚುಕ್ಕಿ ಸೇರಿಸಬಾರದು, ದೊಡ್ಡದರಿಂದ ಕೀಳಬೇಕು. ಹೀಗೊಂದು ಸುಳ್ಳು ನೋಡಿ: ಪ್ರತಿ ಚುಕ್ಕಿಗೂ ಕನಿಷ್ಠ ಒಂದು ಗೆರೆ ಇದ್ದರೆ ಗ್ರಾಫ್ ತುಂಡಾಗಿರುವುದಿಲ್ಲ. “ಸಾಧನೆ”: ಎರಡು ಚುಕ್ಕಿಗೆ ಸರಿ. ಅಷ್ಟು ಚುಕ್ಕಿಗೆ ಸರಿ ಅಂತ ಇಟ್ಟುಕೊಂಡು ಹೊಸ ಚುಕ್ಕಿ ಸೇರಿಸು. ಅದಕ್ಕೂ ಒಂದು ಗೆರೆ ಇರಲೇಬೇಕು, ಆ ಗೆರೆ ಹಳೆಯದಕ್ಕೇ ಹೋಗಬೇಕು, ಆದ್ದರಿಂದ ಕೂಡಿಕೊಂಡಿತು. ಓದಲಿಕ್ಕೆ ಎಷ್ಟು ಚಂದ! ಆದರೆ ನಾಲ್ಕು ಚುಕ್ಕಿ ಇಟ್ಟು, ಎರಡೆರಡರ ನಡುವೆ ಒಂದೊಂದು ಗೆರೆ ಎಳೆಯಿರಿ. ಪ್ರತಿ ಚುಕ್ಕಿಗೂ ಗೆರೆ ಇದೆ, ಗ್ರಾಫ್ ಎರಡು ತುಂಡು. ಒಂದು ಚುಕ್ಕಿ ಕಿತ್ತರೆ ಅದರ ಜೋಡಿ ಒಂಟಿಯಾಗುತ್ತದೆ, ಷರತ್ತೇ ಮುರಿಯುತ್ತದೆ. ಸೇರಿಸುತ್ತ ಹೋದವನಿಗೆ ಈ ಗ್ರಾಫ್ ಎದುರಿಗೆ ಬರುವುದೇ ಇಲ್ಲ. ದೊಡ್ಡವರೂ ಜಾರಿದ್ದಾರೆ. ನಾಲ್ಕು ಬಣ್ಣದ ಪ್ರಮೇಯಕ್ಕೆ ಕೆಂಪೆ 1879ರಲ್ಲಿ ಕೊಟ್ಟ ಸಾಧನೆ 11 ವರ್ಷ ಸರಿಯೆಂದೇ ಓಡಾಡಿತು, 1890ರಲ್ಲಿ ಹೀವುಡ್ ತೂತು ತೋರಿಸುವ ತನಕ.

ಹೀಗೆ ನೋಡಿದರೆ “ಏನು ಉಳಿದಿದೆ” ಅನ್ನುವುದೇ ತಲೆಕೆಳಗಾದ ಪ್ರಶ್ನೆ. ಈ ಹಗೇವಿನ ತಳ ಯಾರೂ ಕಂಡಿಲ್ಲ. ಒಂದು ತುತ್ತಿನ ನಡುವೆ ಹತ್ತು ಹೊಸ ಪ್ರಶ್ನೆ ಹುಟ್ಟಿಸಬಹುದು. ಕೇಳಬೇಕಾದದ್ದು ಇದು: “ಇಷ್ಟೆಲ್ಲಾ ಪ್ರಶ್ನೆ ಅದಾವಂದ್ರ, ಯಾವದಕ್ಕ ಮೂರ್ ವರ್ಷ ಕೊಡಬೇಕಂತ ಹೆಂಗ ಗೊತ್ತಾಕೈತ್ರಿ?” ಯಾವ ಬೀಗರೂ ಇದನ್ನು ಕೇಳಿಲ್ಲ. ಕೇಳಿದ್ದರೆ ಬಾಳೆಲೆ ಎತ್ತುವ ತನಕ ಮಾತಾಡಬಹುದಿತ್ತು.

ಯಾಕೆಂದರೆ ನಮ್ಮ ರೋಗ ಇರುವುದು ಅಲ್ಲೇ. ಲೇಬಲಿಂಗ್ ಬಗ್ಗೆ ಗ್ಯಾಲಿಯನ್ 1998ರಿಂದ ಪರಿಷ್ಕರಿಸುತ್ತ ಬಂದ ಒಂದು ಸಮೀಕ್ಷೆ ಇದೆ. ಅದರಲ್ಲಿ 200ಕ್ಕೂ ಹೆಚ್ಚು ಬಗೆಯ ಲೇಬಲಿಂಗ್, 2500ಕ್ಕೂ ಹೆಚ್ಚು ಪ್ರಬಂಧ. ಎಲ್ಲವೂ ಜೊಳ್ಳಲ್ಲ. ಆದರೆ ಜೊಳ್ಳು ಮಾಡುವ ಪಾಕವಿಧಾನ ಎಲ್ಲರಿಗೂ ಬಾಯಿಪಾಠ: ಹಳೆಯ ಲೇಬಲಿಂಗ್ ಒಂದು ತಗೊ, ಅದರ ಷರತ್ತಿಗೆ ಇನ್ನೊಂದು ಷರತ್ತು ಕಟ್ಟು, ಹೊಸ ವಿಶೇಷಣ ಹಚ್ಚು. ನೇರ ಸಾಲು, ಬಳೆ, ಗಾಲಿ, ಬಾಚಣಿಗೆ, ನಿಚ್ಚಣಿಕೆ, ಈ ಐದು ಆಕಾರದ ಗ್ರಾಫಿಗೆ ಬೆಸ ಸಮ ಅಂತ ಎರಡು ಕೇಸು ಮಾಡಿ ಸೂತ್ರ ಬರೆ. ಆರು ಪುಟ, ನಾಲ್ಕು ಚಿತ್ರ, ಕೊನೆಗೆ “ಇದು ನೆಟ್‌ವರ್ಕ್‌ಗಳಲ್ಲಿ ಉಪಯುಕ್ತ” ಅಂತ ಒಂದು ಸಾಲು. ಬರೆಯುವವರು ದಡ್ಡರಲ್ಲ. ಪ್ರಮೋಶನ್ನಿಗೆ ಪಾಯಿಂಟು ಬೇಕು, ಪಾಯಿಂಟಿಗೆ ಪ್ರಬಂಧ ಬೇಕು, ವಾರಕ್ಕೆ ಹದಿನಾರು ತಾಸು ಪಾಠ ಮಾಡಿದ ಮೇಲೆ ತಲೆಯಲ್ಲಿ ಉಳಿಯುವುದು ಬಾಚಣಿಗೆಯೇ. ಬೈಯುವ ಮುಂಚೆ ಆ ಟೈಮ್‌ಟೇಬಲ್ಲನ್ನೂ ಒಮ್ಮೆ ನೋಡಬೇಕು.

ಒಳ್ಳೆಯ ಹೊಸ ಕಲ್ಪನೆ ಹೇಗಿರುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ, ಧಾರವಾಡ ಸಾಕು. ಒಂದು ಓಣಿ, ಸಾಲಾಗಿ 9 ಮನೆ. ಪ್ರತಿ ಮನೆಯವರಿಗೂ ತಮ್ಮಲ್ಲೋ ಪಕ್ಕದ ಮನೆಯಲ್ಲೋ ಒಂದು ನಳ ಇರಬೇಕು. ಕನಿಷ್ಠ ಎಷ್ಟು ನಳ? ಮೂರು: 2ನೇ, 5ನೇ, 8ನೇ ಮನೆಗೆ. ಇದು ಡಾಮಿನೇಷನ್, ಹಳೆಯ ಕಲ್ಪನೆ. ಚದುರಂಗದ ಹಾಸಿನ 64 ಮನೆಗಳನ್ನು ಕಾಯಲು 5 ರಾಣಿ ಸಾಕು ಅನ್ನುವುದೂ ಇದೇ ಲೆಕ್ಕ. ಈಗ ಇನ್ನೊಂದು ಷರತ್ತು: ಪೈಪು ನಳ ಇರುವ ಮನೆಯಿಂದ ನಳ ಇರುವ ಪಕ್ಕದ ಮನೆಗಷ್ಟೇ ಹೋಗಬೇಕು, ನಡುವೆ ನಳ ಇಲ್ಲದ ಮನೆ ಹಾಯಬಾರದು. ಆಗ 3 ಸಾಲದು. ಎರಡು ತುದಿಯ ಮನೆ ಬಿಟ್ಟು ಉಳಿದ 7ಕ್ಕೂ ಬೇಕು. 1979ರಲ್ಲಿ ಇ. ಸಂಪತ್ಕುಮಾರ್ ಮತ್ತು ಎಚ್. ಬಿ. ವಾಲಿಕಾರ್ ಇದಕ್ಕೆ ಕನೆಕ್ಟೆಡ್ ಡಾಮಿನೇಷನ್ ಅಂತ ಹೆಸರಿಟ್ಟು ಪ್ರಬಂಧ ಬರೆದರು.

ಇದೂ ಷರತ್ತಿಗೆ ಷರತ್ತು ಕಟ್ಟಿದ್ದೇ ಅಲ್ಲವೇ, ಬಾಚಣಿಗೆಗಿಂತ ಇದು ಹೇಗೆ ಮೇಲು? ನೋಡಿ, 3 ಹೋಗಿ 7 ಆಯಿತು. ಹೊಸ ಷರತ್ತು ಹಳೆಯ ಸಂಖ್ಯೆಯ ಹಿಂದೆ ಬಾಲದಂತೆ ಬರಲಿಲ್ಲ, ಬೇರೆಯದೇ ದಾರಿ ಹಿಡಿಯಿತು. ಅದಕ್ಕಿಂತ ಮುಖ್ಯ, ಯಾರೂ ಕರೆಯದೆ ಇನ್ನೊಂದು ಪ್ರಶ್ನೆ ಬಂದು ಸೇರಿತು: ಗ್ರಾಫಿನ ಎಲ್ಲ ಚುಕ್ಕಿ ಉಳಿಸಿ, ಗೆರೆಗಳನ್ನು ಕಿತ್ತು ಗಿಡ ಮಾಡುವಾಗ ಹೆಚ್ಚೆಂದರೆ ಎಷ್ಟು ಎಲೆ, ಅಂದರೆ ಒಂದೇ ಗೆರೆ ಇರುವ ತುದಿ ಚುಕ್ಕಿ, ಬರುತ್ತವೆ? ಒಟ್ಟು ಚುಕ್ಕಿಗಳಲ್ಲಿ ಆ ಎಲೆಗಳನ್ನು ಕಳೆದರೆ ಸಿಗುವುದೇ ನಳಗಳ ಸಂಖ್ಯೆ. ನಮ್ಮ ಓಣಿಯಲ್ಲಿ ಎಲೆ 2, 9ರಲ್ಲಿ 2 ಕಳೆದರೆ 7. ಎರಡು ಬೇರೆ ಬೇರೆ ಪ್ರಶ್ನೆಗೆ ಒಂದೇ ಉತ್ತರ ಬಂದರೆ ಅಲ್ಲಿ ಅಗೆಯಬೇಕು. ಓಣಿ ಹೋಗಿ ಊರಾದರೆ ಕನಿಷ್ಠ ನಳ ಎಷ್ಟು ಅಂತ ಬೇಗ ಹೇಳುವ ವಿಧಾನ ಯಾರ ಕೈಯಲ್ಲೂ ಇಲ್ಲ.

“ಇದರ ಉಪಯೋಗ?” ಅಂತ ಕೇಳುವವರಿಗೂ ಇಲ್ಲೇ ಉತ್ತರ ಇದೆ. 1990ರ ದಶಕದ ಕೊನೆಗೆ, ಟವರ್ ಇಲ್ಲದೆ ಯಂತ್ರದಿಂದ ಯಂತ್ರಕ್ಕೆ ಸಂದೇಶ ದಾಟಿಸುವ ವೈರ್‌ಲೆಸ್ ಜಾಲಗಳಲ್ಲಿ ಬೆನ್ನೆಲುಬಾಗಿ ಯಾವ ಯಂತ್ರಗಳನ್ನು ಆರಿಸಬೇಕು ಅನ್ನುವುದಕ್ಕೆ ಎಂಜಿನಿಯರುಗಳು ಹಿಡಿದದ್ದು ಇದೇ ನಳದ ಲೆಕ್ಕವನ್ನು. 1979ರ ಪ್ರಬಂಧ ಅದಕ್ಕೋಸ್ಕರ ಬರೆದದ್ದಲ್ಲ. ಉಪಯೋಗದ ಪ್ರಶ್ನೆಗೆ ನನ್ನ ಕಡೆಯಿಂದ ಇಷ್ಟೇ.

ಪಗಾರದ ಪ್ರಶ್ನೆಗೆ ಇನ್ನೂ ಚಿಕ್ಕ ಉತ್ತರ. ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಸಿಗದಿದ್ದರೆ ಆ ಪ್ರಶ್ನೆಯನ್ನು ಊಟದ ಹೊತ್ತಿಗೆ ಕೇಳಬಾರದು.

ಇನ್ನು ಶುರು ಮಾಡಬೇಕು ಅನ್ನುವ ಹುಡುಗ ಹುಡುಗಿಯರಿಗೆ, ಕೇಳದಿದ್ದರೂ: ಪ್ರಶ್ನೆ ಸಿಕ್ಕ ದಿನ ಹೊಸ ಹೆಸರಿಡಬೇಡಿ. ಮೊದಲು 5 ಚುಕ್ಕಿಯ ತನಕ ಕೈಯಿಂದ ಬಿಡಿಸಿ. ಒಟ್ಟು 52 ಗ್ರಾಫ್, ಎರಡು ಹಾಳೆ ಸಾಕು. ಆಮೇಲೆ ನಾಟಿ ಹಾಕಿ 9 ಅಥವಾ 10ರ ತನಕ ನೋಡಿ. ಒಂಟಿ ಚುಕ್ಕಿ ಇರುವ ಗ್ರಾಫುಗಳನ್ನು ಬೇರೆ ತೆಗೆದಿಡಿ, ಅರ್ಧ “ಅಪವಾದ”ಗಳು ಅಲ್ಲೇ ಹುಟ್ಟುತ್ತವೆ. ಊಹೆ ಸತ್ತರೆ ಅದನ್ನು ಕೊಂದ ಅತಿ ಚಿಕ್ಕ ಗ್ರಾಫನ್ನು ಬಿಡಿಸಿ ಗೋಡೆಗೆ ಅಂಟಿಸಿ. ಹೊಸ ಊಹೆ ಅದರಿಂದಲೇ ಬರುತ್ತದೆ. ಹುಡುಕಾಟದ ಕೋಡನ್ನು ಇನ್ನೊಬ್ಬರಿಂದ ಬೇರೆಯಾಗಿ ಬರೆಸಿ, ಎರಡರ ಎಣಿಕೆ ತಾಳೆಯಾಗದಿದ್ದರೆ ಪ್ರಮೇಯದ ಮಾತು ಎತ್ತಬೇಡಿ.

ಪಂಕ್ತಿಯಲ್ಲಿ ನನ್ನ ಪಕ್ಕ ಕೂತವರಿಗೆ ಇಷ್ಟು ಕೆಲಸ. ಗ್ರೇಸ್‌ಫುಲ್ ಲೇಬಲಿಂಗಿನ ಪ್ರಶ್ನೆಯಲ್ಲಿ ರೋಸಾ ಆಗಲೇ ಒಂದು ಜಾತಿಯ ಗಿಡಗಳನ್ನು ಪೂರ್ತಿ ಮುಗಿಸಿದ್ದ, ಕಂಬಳಿಹುಳದ ಆಕಾರದವು: ಉದ್ದಕ್ಕೆ ಒಂದು ಬೆನ್ನು, ಅದಕ್ಕೆ ಒಂದೊಂದೇ ಗೆರೆಯ ಕಾಲುಗಳು. ಹಾಗೆ ಇಲ್ಲದ ಅತಿ ಚಿಕ್ಕ ಗಿಡಕ್ಕೆ 7 ಚುಕ್ಕಿ. ನಡುವೆ ಒಂದು, ಅದರಿಂದ ಮೂರು ದಿಕ್ಕಿಗೆ ಮೂರು ಕೊಂಬೆ, ಪ್ರತಿ ಕೊಂಬೆಯಲ್ಲಿ ಎರಡೆರಡು ಚುಕ್ಕಿ. ಲಗ್ನಪತ್ರಿಕೆಯ ಹಿಂದೆ ಬಿಡಿಸಿಕೊಂಡು 0ಯಿಂದ 6ರ ತನಕ ಅಂಕಿ ಕೊಡಿ, ಆರು ಗೆರೆಗಳ ಮೇಲೆ 1ರಿಂದ 6 ಬರಲಿ. ನಡುವಿನ ಚುಕ್ಕಿಗೆ 0 ಇಟ್ಟು, ಅದರ ಪಕ್ಕದ ಮೂರಕ್ಕೆ 6, 5, 1 ಬರೆದು ನೋಡಿ. ಉಳಿದ ಮೂರು ಅಂಕಿ ಯಾವುದರ ತುದಿಗೆ ಯಾವುದು ಅಂತ ನಾನು ಹೇಳುವುದಿಲ್ಲ.